ಬೀರೂರಿನ ರೈಲೋ, ಮನೆ ಮುಂದಿನ ಕಾರೋ?

ಸಿಂಗಟಗೆರೆಗೆ ರೈಲಿಲ್ಲ. ಆದರೂ ಪ್ರವಾಸಕ್ಕೆ ಹೊರಡುವ ನಮ್ಮ ಹೋಬಳಿಯವರಿಗೆ ರೈಲಿನ ವಿಷಯದಲ್ಲಿರುವ ಅನುಕೂಲ ರಾಜ್ಯದ ಎಷ್ಟೋ ದೊಡ್ಡ ಊರುಗಳಿಗಿಲ್ಲ. ಕಡೂರಿಗೆ ಹೋದರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಸಿಗುತ್ತದೆ. ಅಲ್ಲಿಂದಲೇ ಚಿಕ್ಕಮಗಳೂರಿಗೆ 46 ಕಿ.ಮೀ. ಉದ್ದದ ಕವಲು, 2013ರಲ್ಲಿ ತೆರೆದದ್ದು. ಕಡೂರು ದಾಟಿದರೆ ಬೀರೂರು ಜಂಕ್ಷನ್. ಅಲ್ಲಿ ಇನ್ನೊಂದು ಕವಲು ಒಡೆದು ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಹಾಯ್ದು ತಾಳಗುಪ್ಪದಲ್ಲಿ ನಿಲ್ಲುತ್ತದೆ. ಮುಖ್ಯ ಮಾರ್ಗವೋ ಅಜ್ಜಂಪುರ, ಚಿಕ್ಕಜಾಜೂರು, ದಾವಣಗೆರೆ ಹಿಡಿದು ಉತ್ತರಕ್ಕೆ ಸಾಗುತ್ತದೆ. ಇಷ್ಟೆಲ್ಲ ಕೈಯಳತೆಯಲ್ಲಿದ್ದರೂ ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು, "ಯಾರ ಕಾರು ಹೇಳೋಣ?"

ಒಂದೇ ಊರಿಗೆ ಹೋಗಿ ಬರುವುದಾದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಲ್ಲ. ನಾಲ್ಕೈದು ಊರು ಸುತ್ತಿ ಬರುವಾಗ ಲೆಕ್ಕ ತಪ್ಪುತ್ತದೆ. ಹಲವು ಸಲ ತಪ್ಪಿ ನಾನು ಕಲಿತದ್ದು ಇಷ್ಟು: ವಾಹನ ಯಾವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಬಾರದು. ನೋಡಬೇಕಾದ ಊರುಗಳನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ರೈಲಿನ ನಕ್ಷೆ ಇಟ್ಟುಕೊಂಡು, ಯಾವ ಊರು ಹಳಿಯ ಮೇಲಿದೆ, ಯಾವುದು ಹಳಿಯಿಂದ ಎಷ್ಟು ದೂರ ಎಂದು ಗುರುತು ಹಾಕಬೇಕು. ಹಾಳೆ ಮುಗಿಯುವ ಹೊತ್ತಿಗೆ ಅರ್ಧ ಉತ್ತರ ಕಣ್ಣ ಮುಂದಿರುತ್ತದೆ.

ಹತ್ತಿರದ ಸುತ್ತಿಗೆ ಕಾರೇ ಸರಿ

ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಅಮೃತಾಪುರ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ನೆಂಟರು ಬಂದಾಗ ನಾವು ತೋರಿಸುವ ಊರುಗಳು ಹೆಚ್ಚುಕಮ್ಮಿ ಇವೇ. ಇವುಗಳಲ್ಲಿ ಒಂದೂ ಹಳಿಯ ಮೇಲಿಲ್ಲ. ಅಮೃತಾಪುರ ತರೀಕೆರೆ ಸ್ಟೇಷನ್ನಿನಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿದೆ, ಆಟೋದಲ್ಲಿ ಹೋಗಬಹುದು. 1196ರ ಆ ಅಮೃತೇಶ್ವರ ದೇವಾಲಯವನ್ನು, ಅದರ ತೆರೆದ ಮಂಟಪದ ಹೊರಗೋಡೆಯ ಮೇಲಿರುವ ರಾಮಾಯಣ, ಭಾಗವತ, ಭಾರತದ ಕೆತ್ತನೆಗಳನ್ನು ನೋಡುವುದಕ್ಕೆಂದೇ ಒಂದು ದಿನ ರೈಲಿನಲ್ಲಿ ಹೋಗಿಬಂದರೂ ನಷ್ಟವಿಲ್ಲ. ಅಲ್ಲಿನ ಶಾಸನವನ್ನು ರಚಿಸಿದವನು ಕವಿ ಜನ್ನ ಎಂಬುದನ್ನು ಮಕ್ಕಳಿಗೆ ಹೇಳಿ. ಆದರೆ ಅದೇ ದಿನ ಕೆಮ್ಮಣ್ಣುಗುಂಡಿಯನ್ನೂ ಸೇರಿಸಿಕೊಂಡಿರೋ, ರೈಲಿನ ಮಾತು ಬಿಡಿ. ಬೇಲೂರಿಗಂತೂ ಹಳಿ ಇನ್ನೂ ಮುಟ್ಟಿಲ್ಲ. ಚಿಕ್ಕಮಗಳೂರಿನಲ್ಲಿ ರೈಲಿಳಿದು, ಬಸ್ ನಿಲ್ದಾಣಕ್ಕೆ ಹೋಗಿ, ಬೇಲೂರಿನ ಬಸ್ಸು ಹಿಡಿದು, ಅಲ್ಲಿಂದ ಹಳೇಬೀಡಿಗೆ ಇನ್ನೊಂದು ಬಸ್ಸು. ದಿನವೆಲ್ಲ ಕಾಯುವುದರಲ್ಲೇ ಕಳೆಯುತ್ತದೆ. ಈ ಕವಲಿನಲ್ಲಿ ಓಡುವ ರೈಲುಗಳು ಕಡಿಮೆ, ಒಂದು ತಪ್ಪಿದರೆ ಮುಂದಿನದು ಬಹಳ ಹೊತ್ತಿಗೆ.

ಈ ಸುತ್ತಿಗೆ ಕಾರೇ ಇರಲಿ. ಹೊರಡುವ ಮುನ್ನ ಒಂದು ವಿಷಯ ಗಮನಿಸಿ: ಮುಳ್ಳಯ್ಯನಗಿರಿಯ ದಾರಿಗೆ ಚಿಕ್ಕಮಗಳೂರು ಜಿಲ್ಲಾಡಳಿತ ವಾಹನಗಳ ಮುಂಗಡ ಆನ್‌ಲೈನ್ ನೋಂದಣಿ ತಂದಿದೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಹಂಚಿ ಇಷ್ಟೇ ವಾಹನ ಎಂದು ಮಿತಿ ಹಾಕಿದ್ದಾರೆ. ನೋಂದಣಿ ಮಾಡಿಸದೆ ಭಾನುವಾರ ಹೋಗಿ ವಾಪಸ್ ಬಂದವರು ನಮ್ಮೂರಲ್ಲೂ ಇದ್ದಾರೆ. ಮಳೆಗಾಲದಲ್ಲಿ ಗಿರಿಯ ತಿರುವುಗಳಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದೆ ಕಾಣದು. ಬಯಲುಸೀಮೆಯ ನೇರ ರಸ್ತೆಯಲ್ಲಿ ಕಾರು ಕಲಿತವರು ಅಲ್ಲಿಗೆ ಗಿರಿ ಪಳಗಿದ ಸ್ಥಳೀಯ ಡ್ರೈವರನ್ನೇ ಮಾಡಿಕೊಳ್ಳುವುದು ಕ್ಷೇಮ.

ಬಾದಾಮಿ, ಹಂಪಿಗೆ ರೈಲು ಹಿಡಿಯಿರಿ

ಉತ್ತರದ ಕಡೆ ಹೊರಟರೆ ನನ್ನ ಮಾತು ಬದಲಾಗುತ್ತದೆ. ಹುಬ್ಬಳ್ಳಿ, ಗದಗ, ಬಾದಾಮಿ, ಹೊಸಪೇಟೆ, ನಾಲ್ಕೂ ಹಳಿಯ ಮೇಲಿನ ಊರುಗಳು. ಬೀರೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು 250 ಕಿ.ಮೀ. ಹುಬ್ಬಳ್ಳಿಯಿಂದ ಗದಗಕ್ಕೆ ಒಂದು ಗಂಟೆಯ ಸುಮಾರು. ಗದಗದಲ್ಲಿ ಹಳಿ ಎರಡಾಗಿ ಒಡೆಯುತ್ತದೆ, ಒಂದು ಬಾದಾಮಿ, ಬಾಗಲಕೋಟೆ, ವಿಜಯಪುರದ ಕಡೆಗೆ, ಇನ್ನೊಂದು ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಕಡೆಗೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ನಮ್ಮ ಮಾರ್ಗವಾಗಿಯೇ ಹುಬ್ಬಳ್ಳಿ, ಗದಗ, ಬಾದಾಮಿ ದಾಟಿ ವಿಜಯಪುರದ ಕಡೆ ಹೋಗುವ ರಾತ್ರಿ ರೈಲು. ರಾತ್ರಿ ಮಲಗಿದರೆ ಚಾಲುಕ್ಯರ ನಾಡಿನಲ್ಲಿ ಏಳುತ್ತೀರಿ, ಒಂದು ರಾತ್ರಿಯ ಲಾಡ್ಜಿನ ಖರ್ಚೂ ಉಳಿಯಿತು. ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಹೊರಡುವ ವಾರದಲ್ಲಿ ಮತ್ತೊಮ್ಮೆ ನೋಡಿ. ರೈಲ್ವೆ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಳೆಯ ಸಮಯವನ್ನೇ ನೆಚ್ಚಿ ಸ್ಟೇಷನ್ನಿಗೆ ಹೋಗಬಾರದು.

ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿ.ಮೀ.ಯಷ್ಟು ಹೊರಗಿದೆ. ಅಲ್ಲಿಂದ ಆಟೋ, ಬಸ್ಸು ಸಿಗುತ್ತವೆ. ಪಟ್ಟದಕಲ್ಲು ಬಾದಾಮಿಯಿಂದ 22 ಕಿ.ಮೀ., ಐಹೊಳೆ ಅದಕ್ಕೂ ಮುಂದೆ. ಎರಡಕ್ಕೂ ಒಂದು ದಿನದ ಮಟ್ಟಿಗೆ ಸ್ಥಳೀಯ ಕಾರನ್ನೋ ಆಟೋವನ್ನೋ ಮಾತಾಡಿಕೊಂಡರೆ ಸಾಕು. ಹೊಸಪೇಟೆಯಿಂದ ಹಂಪಿ 13 ಕಿ.ಮೀ., ಬಸ್ಸುಗಳು ಮೇಲಿಂದ ಮೇಲೆ ಇವೆ. ಹಂಪಿಯಲ್ಲಿ ನಿಮ್ಮದೇ ಕಾರಿದ್ದರೂ ವಿಜಯ ವಿಠ್ಠಲ ದೇವಾಲಯದ ಬಳಿಗೆ ಅದು ಹೋಗುವುದಿಲ್ಲ. ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು.

ಇನ್ನೊಂದು ಅನುಕೂಲವನ್ನು ನಮ್ಮವರು ಪ್ರವಾಸದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ವಾಯವ್ಯ ಕರ್ನಾಟಕ, ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸುಗಳಿಗೂ ಇದು ಅನ್ವಯ. ಆರು ಜನರ ಮನೆಯಲ್ಲಿ ನಾಲ್ವರು ಹೆಂಗಸರಿದ್ದರೆ ಸ್ಟೇಷನ್ನಿನಿಂದ ಊರಿಗೆ, ಊರಿನಿಂದ ಗುಡಿಗೆ ಹೋಗುವ ಖರ್ಚು ಬಹುಪಾಲು ಇಲ್ಲದ ಹಾಗೆಯೇ. ಆಧಾರ್ ಕಾರ್ಡು ಕೈಚೀಲದಲ್ಲಿರಲಿ.

ಈಗ ದುಡ್ಡಿನ ಲೆಕ್ಕ ಮಾಡೋಣ. ಸಿಂಗಟಗೆರೆಯಿಂದ ಹುಬ್ಬಳ್ಳಿ, ಬಾದಾಮಿ, ಐಹೊಳೆ, ಹಂಪಿ, ಚಿತ್ರದುರ್ಗ ಮುಗಿಸಿ ರಸ್ತೆಯಲ್ಲಿ ಹಿಂದಿರುಗಿದರೆ ಸುಮಾರು 850 ಕಿ.ಮೀ. ಆಗುತ್ತದೆ, ಐದು ದಿನ ಬೇಕು. ಸ್ವಂತ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ ಇಂಧನಕ್ಕೇ ಆರು ಸಾವಿರದ ಹತ್ತಿರ. ಟೋಲ್ ಬೇರೆ. ವರ್ಷದಲ್ಲಿ ಹಲವು ಸಲ ಹೆದ್ದಾರಿ ಹಿಡಿಯುವವರಿಗೆ 2025ರ ಆಗಸ್ಟ್ 15ರಂದು ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಉಪಯೋಗ. ಆರಂಭದಲ್ಲಿ 3000 ರೂಪಾಯಿಗೆ ಒಂದು ವರ್ಷ ಅಥವಾ 200 ಟ್ರಿಪ್ ಎಂದು ಕೊಟ್ಟರು. ಖಾಸಗಿ ಕಾರಿಗೆ ಮಾತ್ರ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ.

ಬಾಡಿಗೆ ಕಾರಾದರೆ ಲೆಕ್ಕವೇ ಬೇರೆ. ಸಾಮಾನ್ಯವಾಗಿ ದಿನಕ್ಕೆ 250 ಅಥವಾ 300 ಕಿ.ಮೀ. ಎಂಬ ಕನಿಷ್ಠ ಹಾಕುತ್ತಾರೆ. ಹಂಪಿಯಲ್ಲಿ ಇಡೀ ದಿನ ಕಾರು ಮರದ ನೆರಳಿನಲ್ಲಿ ನಿಂತಿದ್ದರೂ ಆ ದಿನದ 250 ಕಿ.ಮೀ. ಬಿಲ್ಲಿಗೆ ಬರುತ್ತದೆ. ಐದು ದಿನಕ್ಕೆ 1250 ಕಿ.ಮೀ. ಕಿ.ಮೀ.ಗೆ 15 ರೂಪಾಯಿ ಹಿಡಿದರೂ 18,750, ಮೇಲೆ ಡ್ರೈವರ್ ಬಾಟಾ. ಓಡಿದ್ದು 850, ಕೊಟ್ಟದ್ದು 1250ಕ್ಕೆ. ಊರೂರಿನಲ್ಲಿ ಒಂದೊಂದು ದಿನ ನಿಲ್ಲುವ ಪ್ರವಾಸಕ್ಕೆ ಬಾಡಿಗೆ ಕಾರು ದುಬಾರಿಯಾಗುವುದು ಇಲ್ಲಿಯೇ. ಆರು ಜನರ ಸ್ಲೀಪರ್ ಟಿಕೆಟ್ಟುಗಳನ್ನೂ, ಬಾದಾಮಿ ಮತ್ತು ಹಂಪಿಯಲ್ಲಿ ಒಂದೊಂದು ದಿನದ ಸ್ಥಳೀಯ ಗಾಡಿಯನ್ನೂ ಕೂಡಿಸಿದರೂ ಆ ಮೊತ್ತಕ್ಕೆ ಬಹಳ ಕೆಳಗೇ ನಿಲ್ಲುತ್ತೇವೆ. ಕಾರೇ ಬೇಕೆಂದರೆ ಹಳದಿ ಬೋರ್ಡಿನದನ್ನೇ ಮಾಡಿ. ಪರಿಚಯದವರ ಬಿಳಿ ಬೋರ್ಡಿನ ಕಾರು ಅಗ್ಗವೇನೋ ಹೌದು, ಆದರೆ ಬಾಡಿಗೆಗೆ ಓಡಿದ ಖಾಸಗಿ ಕಾರಿಗೆ ಅಪಘಾತವಾದರೆ ವಿಮೆಯವರು ಪರಿಹಾರ ತಡೆಯಬಹುದು.

ಸ್ವಂತ ಕಾರಿನ ಆರು ಸಾವಿರ ಕಂಡು ಕಾರೇ ವಾಸಿ ಎನ್ನಿಸುತ್ತದೆ. ಐದೇ ಜನರಿದ್ದು, ಇಬ್ಬರಿಗೆ ಡ್ರೈವಿಂಗ್ ಬಂದರೆ ನಾನೂ ಒಪ್ಪುತ್ತೇನೆ. ಒಬ್ಬರೇ ಓಡಿಸುವವರಾದರೆ ಬೇಡ. ನಮ್ಮ ಮನೆಯಲ್ಲಿ ಕಾರು ಓಡಿಸುವವನು ನಾನೊಬ್ಬನೇ. ಒಂದು ಸಲ ಐದು ದಿನ ಹೀಗೆ ಸುತ್ತಿ ಬಂದ ಮೇಲೆ ಮಗಳು ಐಹೊಳೆಯ ದುರ್ಗದ ಗುಡಿಯ ಬಗ್ಗೆ ಏನೋ ಕೇಳಿದಳು. ನನಗೆ ನೆನಪಿದ್ದದ್ದು ಗುಡಿಯ ಹೊರಗೆ ಕಾರಿನ ಸೀಟು ಚಾಚಿ ಮಲಗಿದ್ದು ಮಾತ್ರ.

ಜೋಗದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ತಾಳಗುಪ್ಪದಲ್ಲಿ ಇಳಿದರೆ ಜೋಗ ಸುಮಾರು 15 ಕಿ.ಮೀ., ಕುವೆಂಪು ಅವರ ಹೆಸರಿನ ಎಕ್ಸ್‌ಪ್ರೆಸ್ ಓಡುವುದೂ ಈ ಕವಲಿನಲ್ಲೇ. ಜೋಗವೊಂದನ್ನೇ ನೋಡಲು ಇದಕ್ಕಿಂತ ಚೆಂದದ ದಾರಿ ಬೇಡ. ಅರಸಾಳು, ಆನಂದಪುರ ದಾಟುವಾಗ ಕಿಟಕಿಯ ಸೀಟಿಗೆ ಮಕ್ಕಳು ಜಗಳವಾಡಲಿ ಬಿಡಿ. ಆದರೆ ಹಳಿ ತಾಳಗುಪ್ಪದಲ್ಲೇ ಮುಗಿಯುತ್ತದೆ. ಅಲ್ಲಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಬೇಕೆಂದರೆ 160 ಕಿ.ಮೀ. ಹಿಂದಕ್ಕೆ ಬೀರೂರಿಗೇ ಬರಬೇಕು. ರಸ್ತೆಯಲ್ಲಾದರೆ ಸಿದ್ದಾಪುರ, ಶಿರಸಿಯ ಮೇಲೆ ನೇರ. ಹಾಗಾಗಿ ಜೋಗ, ಶಿರಸಿ, ಬನವಾಸಿ, ಹುಬ್ಬಳ್ಳಿ ಎಂದು ಪಟ್ಟಿ ಮಾಡಿಕೊಂಡವರಿಗೆ ಬಸ್ಸು ಅಥವಾ ಕಾರು. ಜೋಗವನ್ನೂ ಹಂಪಿಯನ್ನೂ ಒಂದೇ ರೈಲು ಪ್ರವಾಸದಲ್ಲಿ ತುರುಕಬೇಡಿ.

ಟಿಕೆಟ್ ತೆಗೆಯುವಾಗ

ರಿಸರ್ವೇಷನ್ ಈಗ ಹೊರಡುವ ದಿನಕ್ಕೆ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್ 1ಕ್ಕೆ ಮುಂಚೆ 120 ದಿನ ಇತ್ತು. ದಸರೆಗೆ ಹೊರಡುವವರು ಶ್ರಾವಣದಲ್ಲೇ ಕೂರಬೇಕು. ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆಯೇ ಆಗಬೇಕು. ಹಲವು ಊರುಗಳ ಪ್ರವಾಸವನ್ನು ತತ್ಕಾಲ್ ನಂಬಿ ಕಟ್ಟಬಾರದು. ನಡುವಿನ ಒಂದು ಟಿಕೆಟ್ ಸಿಗದಿದ್ದರೆ ಮುಂದಿನ ಲಾಡ್ಜುಗಳೆಲ್ಲ ಏರುಪೇರಾಗುತ್ತವೆ.

ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಕೆಳಗಿನ ಬರ್ತಿನ ಕೋಟಾ ಇದೆ: 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಇದು ಸಿಗುವುದು ಒಂದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಮನೆಯ ಆರು ಜನರನ್ನೂ ಒಂದೇ ಟಿಕೆಟ್ಟಿಗೆ ಹಾಕಿದರೆ ಅಜ್ಜಿಗೆ ಮೇಲಿನ ಬರ್ತು ಬಂದೀತು. ಅಜ್ಜ ಅಜ್ಜಿಯರದ್ದನ್ನು ಬೇರೆಯಾಗಿ ತೆಗೆಯಿರಿ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತು ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ.

ಒಂದು ರೈಲಿನಿಂದ ಇನ್ನೊಂದಕ್ಕೆ ಬದಲಾಯಿಸುವ ಕಡೆ ಎರಡು ಗಂಟೆಗಿಂತ ಕಡಿಮೆ ಅಂತರ ಇಡಬೇಡಿ. ಎರಡೂ ಟಿಕೆಟ್ಟುಗಳಲ್ಲಿ ಪ್ರಯಾಣಿಕರ ವಿವರ ಒಂದೇ ಇದ್ದರೆ ಎರಡು ಪಿಎನ್‌ಆರ್‌ಗಳನ್ನು ಜೋಡಿಸಬಹುದು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ದುಡ್ಡು ವಾಪಸ್ ಕೇಳಲು ಇದು ಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಇಳಿಯುವವರಿಗೆ ಇನ್ನೊಂದು ಸೂಚನೆ: ಅಲ್ಲಿನ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರಂ 1507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಅತಿ ಉದ್ದ. ಅದನ್ನು ನೋಡುವುದು ಸಂತೋಷ, ಮಂಡಿನೋವಿನ ಅಮ್ಮನನ್ನು ಅದರುದ್ದಕ್ಕೂ ನಡೆಸುವುದು ಬೇಡ. ಗಾಲಿಕುರ್ಚಿ ಬೇಕಾದರೆ ಮೊದಲೇ ವಿಚಾರಿಸಿಡಿ. ಕಡೂರು, ಬೀರೂರಿನಲ್ಲಿ ಎಕ್ಸ್‌ಪ್ರೆಸ್ಸುಗಳು ನಿಲ್ಲುವುದು ಒಂದೆರಡು ನಿಮಿಷ. ಆರು ಜನ, ಎಂಟು ಚೀಲ, ಒಂದು ಬುತ್ತಿಗಂಟು ಅಷ್ಟರಲ್ಲಿ ಹತ್ತಬೇಕು. ಒಬ್ಬೊಬ್ಬರಿಗೆ ಹೆಗಲಿಗೆ ಹಾಕುವ ಒಂದೇ ಚೀಲ ಎಂದು ಕಟ್ಟುನಿಟ್ಟು ಮಾಡಿ. ಸಾಮಾನು ಕಡಿಮೆ ಮಾಡಲು ಮನಸ್ಸಿಲ್ಲದವರು ಕಾರಿನಲ್ಲೇ ಹೋಗುವುದು ಒಳ್ಳೆಯದು.

ದೂರದ ಯಾತ್ರೆಗೆ ಹೊರಡುವವರು ಸರ್ಕ್ಯುಲರ್ ಜರ್ನಿ ಟಿಕೆಟ್ ಬಗ್ಗೆ ಕೇಳಿ ನೋಡಿ. ಹೊರಟ ಸ್ಟೇಷನ್ನಿಗೇ ಮರಳುವ ಸುತ್ತು ಪ್ರಯಾಣಕ್ಕೆ ಒಂದೇ ಟಿಕೆಟ್, ನಡುವೆ ಎಂಟು ಕಡೆಯವರೆಗೆ ಇಳಿಯಬಹುದು. ಒಟ್ಟು ದೂರವನ್ನು ಎರಡು ಪ್ರಯಾಣವಾಗಿ ಹಿಡಿದು ದರ ಹಾಕುತ್ತಾರೆ. ದೂರ ಹೆಚ್ಚಿದಂತೆ ಕಿ.ಮೀ. ದರ ಇಳಿಯುವುದರಿಂದ ಕಾಶಿ, ಪ್ರಯಾಗ, ಹರಿದ್ವಾರದಂಥ ಯಾತ್ರೆಗೆ ಉಳಿತಾಯ ಚೆನ್ನಾಗಿದೆ. ಇಳಿಯುವ ಊರುಗಳ ಪಟ್ಟಿ ಬರೆದು ದೊಡ್ಡ ಸ್ಟೇಷನ್ನಿನ ಬುಕಿಂಗ್ ಕಚೇರಿಯಲ್ಲೋ, ಮೈಸೂರು ವಿಭಾಗದ ವಾಣಿಜ್ಯ ಕಚೇರಿಯಲ್ಲೋ ಕೊಡಬೇಕು. ಪ್ರತಿ ಹಂತಕ್ಕೂ ಸೀಟು ಬೇರೆಯಾಗಿ ಕಾದಿರಿಸಬೇಕು. ಹಂಪಿ–ಬಾದಾಮಿಯಂಥ ಚಿಕ್ಕ ಸುತ್ತಿಗೆ ಇಷ್ಟು ಓಡಾಟ ಬೇಕಾಗಿಲ್ಲ.

ಮಕ್ಕಳನ್ನು ನೋಡಲು ಯೂರೋಪಿಗೆ

ಈಗ ನಮ್ಮ ಕಡೆಯ ಅಪ್ಪ ಅಮ್ಮಂದಿರೂ ಮ್ಯೂನಿಕ್, ಐಂದೋವನ್ ಎಂದು ಮಕ್ಕಳ ಮನೆಗೆ ಹೋಗುತ್ತಾರೆ. ಹೋದ ಮೇಲೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್ ನೋಡದೆ ಬರುವುದುಂಟೇ? ಅಲ್ಲೂ ಕೇಳಬೇಕಾದದ್ದು ಅದೇ: ಪಟ್ಟಿಯಲ್ಲಿರುವ ಊರು ಹಳಿಯ ಮೇಲಿದೆಯೇ?

ದೊಡ್ಡ ನಗರಗಳಾದರೆ ರೈಲು, ಅನುಮಾನ ಬೇಡ. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್ಸಿಗೆ ಮೂರೂವರೆ ಗಂಟೆಯೊಳಗೆ, ಪ್ಯಾರಿಸ್ಸಿನಿಂದ ಜೂರಿಕ್‌ಗೆ ನಾಲ್ಕು ಗಂಟೆಯ ಸುಮಾರು, ಮಿಲಾನಿನಿಂದ ರೋಮಿಗೆ ಮೂರು ಗಂಟೆಯ ಸುಮಾರು. ಇಳಿಯುವುದು ನಗರದ ನಡುವಿನಲ್ಲೇ. ವೆನಿಸ್ಸಿನಲ್ಲಿ ಕಾರು ಪಿಯಾಜ್ಜಾಲೆ ರೋಮಾದಿಂದ ಮುಂದೆ ಹೋಗಲು ದಾರಿಯೇ ಇಲ್ಲ, ರೈಲು ಸಾಂಟಾ ಲೂಚಿಯಾ ನಿಲ್ದಾಣದಲ್ಲಿ ಕಾಲುವೆಯ ದಡಕ್ಕೇ ಇಳಿಸುತ್ತದೆ. ಇಟಲಿಯ ಹಳೆಯ ಪೇಟೆಗಳಿಗೆ ಹೊರಗಿನ ಕಾರುಗಳ ಪ್ರವೇಶ ನಿರ್ಬಂಧಿಸಿ ಕ್ಯಾಮೆರಾ ಇಟ್ಟಿರುತ್ತಾರೆ. ಗೊತ್ತಿಲ್ಲದೆ ನುಗ್ಗಿದವರಿಗೆ ದಂಡದ ಕಾಗದ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಒಂದು ದೇಶದಲ್ಲಿ ಬಾಡಿಗೆಗೆ ತೆಗೆದ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ದೊಡ್ಡ ಮೊತ್ತ ಹೆಚ್ಚು ಕೇಳುತ್ತಾರೆ. ಸ್ವಿಸ್ ಹೆದ್ದಾರಿಗೆ 40 ಫ್ರಾಂಕ್ ಕೊಟ್ಟು ವರ್ಷದ ವಿನ್ಯೆಟ್ ಕೊಳ್ಳಬೇಕು, ಎರಡೇ ದಿನ ಓಡಿಸಿದರೂ.

ಯೂರೋಪಿನ ಹೊರಗೆ ನೆಲೆಸಿದವರಿಗೆಂದು ಇರುವ ಯೂರೇಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಒಬ್ಬ ದೊಡ್ಡವರ ಪಾಸಿನೊಂದಿಗೆ ಹನ್ನೆರಡರೊಳಗಿನ ಇಬ್ಬರು ಮಕ್ಕಳಿಗೆ ಉಚಿತ, 60 ದಾಟಿದವರಿಗೆ ರಿಯಾಯಿತಿ. ಪಾಸ್ ಇದ್ದ ಮಾತ್ರಕ್ಕೆ ಸೀಟು ಸಿಕ್ಕಿತೆಂದು ತಿಳಿಯಬಾರದು. ಫ್ರಾನ್ಸ್, ಇಟಲಿ, ಸ್ಪೇನಿನ ವೇಗದ ರೈಲುಗಳಿಗೆ ಬೇರೆ ದುಡ್ಡು ಕೊಟ್ಟು ಸೀಟು ಕಾದಿರಿಸಬೇಕು. ಸ್ವಿಟ್ಜರ್ಲೆಂಡಿನ ಸಾಮಾನ್ಯ ರೈಲುಗಳಿಗೆ ಅದು ಬೇಡ. ಮೂರೋ ನಾಲ್ಕೋ ಪ್ರಯಾಣ ಮಾತ್ರ ಇದ್ದರೆ ಬಿಡಿ ಟಿಕೆಟ್ಟುಗಳನ್ನು ಮುಂಚೆಯೇ ಕೊಳ್ಳುವುದು ಪಾಸಿಗಿಂತ ಅಗ್ಗವಾಗುವುದುಂಟು, ಎರಡನ್ನೂ ಕೂಡಿ ನೋಡಿ. ಒಂದು ಎಚ್ಚರಿಕೆ: ವಾಪಸ್ ಇಲ್ಲದ ಅಗ್ಗದ ಟಿಕೆಟ್ಟುಗಳನ್ನು ಷೆಂಗೆನ್ ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ. ವೀಸಾಗೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ಹಾಗಾಗಿ ಊರುಗಳ ಪಟ್ಟಿ ಮೊದಲೇ ನಿಶ್ಚಯವಾಗಿರಬೇಕು.

ಹಳ್ಳಿಗಾಡು ನೋಡುವ ಆಸೆಯಿದ್ದರೆ ಅಲ್ಲೂ ಕಾರು. ಟಸ್ಕನಿಯ ಗುಡ್ಡದ ಊರುಗಳು, ಸ್ಕಾಟ್ಲೆಂಡಿನ ಎತ್ತರದ ಪ್ರದೇಶ, ನಾರ್ವೆಯ ಕಡಲಕೊರಕಲುಗಳು ಇಂಥವು. ಐಸ್‌ಲ್ಯಾಂಡಿನಲ್ಲಿ ರೈಲೇ ಇಲ್ಲ. ಇಲ್ಲಿಂದ ಹೊರಡುವ ಮುನ್ನವೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಪರಿವಾಹನ್ ತಾಣದಲ್ಲಿ ಅರ್ಜಿ, ಶುಲ್ಕ 1000 ರೂಪಾಯಿ, ಹೆಚ್ಚೆಂದರೆ ಒಂದು ವರ್ಷ ಊರ್ಜಿತ. ಬ್ರಿಟನ್, ಐರ್ಲೆಂಡಿನಂಥ ಕೆಲವು ಬಿಟ್ಟರೆ ಯೂರೋಪಿನಲ್ಲೆಲ್ಲ ರಸ್ತೆಯ ಬಲಗಡೆ ಓಡಿಸಬೇಕು. ಮಗನೋ ಮಗಳೋ ಓಡಿಸುವುದಾದರೆ ಸರಿ. ಅರವತ್ತು ದಾಟಿ ಮೊದಲ ಸಲ ಹೋದವರು ಆಲ್ಪ್ಸ್ ತಿರುವುಗಳಲ್ಲಿ ಬಲಗಡೆಯ ಅಭ್ಯಾಸ ಮಾಡುವುದನ್ನು ನಾನು ಒಪ್ಪಲಾರೆ. ರೈಲಿನಲ್ಲಿ ಹೋದರೆ ಕೂಲಿಯವರು ಸಿಗುವುದಿಲ್ಲ, ಕೆಲವು ಬೋಗಿಗಳಿಗೆ ಮೆಟ್ಟಿಲು ಹತ್ತಬೇಕು. ಬೀರೂರಿನ ಒಂದೇ ಚೀಲದ ನಿಯಮ ಅಲ್ಲಿ ಇನ್ನೂ ಮುಖ್ಯ.

ಕೊನೆಗೆ ನಮ್ಮೂರಿನವರಿಗೆ ಒಂದು ಮಾತು. ಹೋಗುವ ರೈಲನ್ನು ಎಲ್ಲರೂ ಯೋಚಿಸಿ ಆರಿಸುತ್ತಾರೆ, ಬರುವ ರೈಲನ್ನು ಸಿಕ್ಕಿದ್ದೇ ಸಾಕೆಂದು ತೆಗೆಯುತ್ತಾರೆ. ಹಿಂದಿರುಗುವಾಗ ಸಂಜೆ ಐದಾರರೊಳಗೆ, ಇಲ್ಲವೇ ಬೆಳಕು ಹರಿದ ಮೇಲೆ ಬೀರೂರು ಅಥವಾ ಕಡೂರು ಮುಟ್ಟುವ ರೈಲನ್ನೇ ಹುಡುಕಿ. ರಾತ್ರಿ ಹೊತ್ತು ಹಳ್ಳಿಯ ಬಸ್ಸನ್ನು ನೆಚ್ಚಿಕೊಳ್ಳಲಾಗದು. ಬೇರೆ ರೈಲು ಸಿಗದಿದ್ದರೆ ಹೊರಡುವ ದಿನವೇ ಊರಿನ ಆಟೋದವರಿಗೆ ತಾರೀಖು, ರೈಲಿನ ಹೆಸರು, ಹೊತ್ತು ಮೂರನ್ನೂ ಚೀಟಿಯಲ್ಲಿ ಬರೆದು ಕೊಟ್ಟು, ದಾವಣಗೆರೆ ಬಿಟ್ಟ ತಕ್ಷಣ ಫೋನ್ ಮಾಡಿ.